ಸೈನ್ಯದ ಸಲಕರಣೆಗಳ ಜೋಪಾನ: ಹೊಣೆಯ ಮೆಟ್ಟಿಲುಗಳು

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ಹೆಸರುಗಳನ್ನು ಕೇಳಿದೊಡನೆ ಶ್ರೋತೃಗಳಿಗೆ ಹಾನಗಲ್ಲಿನ ತಾರಕೇಶ್ವರ ದೇವಾಲಯವೋ, ಶಿಗ್ಗಾವಿ ಸೀಮೆಯ ಬಾಡ ಗ್ರಾಮದ ಕನಕದಾಸರೋ, ಸವಣೂರಿನ ನವಾಬರೂ ವೀಳೆಯದೆಲೆಯೂ, ಹಿರೇಕೆರೂರಿನ ಕಡೆಯ ಅಬಲೂರೋ ನೆನಪಿಗೆ ಬರಬಹುದು. ಸೈನ್ಯದ ಲಾರಿಗಳೂ ಬಂದೂಕುಗಳೂ ನೆನಪಾಗುವ ಸಂಭವ ಕಡಮೆ. ಆದರೂ ಸೈನ್ಯದ ಸಲಕರಣೆಗಳನ್ನು ಕೆಡದಂತೆ ಕಾಪಾಡುವ ಕೆಲಸವು ಯಾರು ಯಾರಿಗೆ ಎಷ್ಟೆಷ್ಟು ಹಂಚಿಕೆಯಾಗಿರುತ್ತದೆ ಎಂಬ ಈ ದಿನದ ವಿಷಯಕ್ಕೆ ನಾವು ಇದೇ ಸೀಮೆಯಿಂದ ಹೊರಡುತ್ತೇವೆ. ಏಕೆಂದರೆ ಈ ಹಂಚಿಕೆಯ ತತ್ತ್ವವನ್ನು ಅಲ್ಲಿಯ ಒಕ್ಕಲಿಗನು ಸೈನ್ಯದ ನಿಯಮಾವಳಿಯನ್ನು ಓದದೆಯೇ ಬಹುಕಾಲದಿಂದ ಬಲ್ಲನು.

ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ, ಟ್ರ್ಯಾಕ್ಟರು ಬರುವ ಮೊದಲು, ಹೊಲದ ಫಸಲು ಪೇಟೆಗೆ ಹೋಗುತ್ತಿದ್ದುದು ಚಕ್ಕಡಿಯ ಮೇಲೆ. ಆ ಚಕ್ಕಡಿಯ ಜೋಪಾನವು ಒಬ್ಬನ ಕೆಲಸವಾಗಿರಲಿಲ್ಲ. ಹೊರಡುವ ಮುನ್ನ ಗಾಲಿಗೆ ಕೀಲೆಣ್ಣೆ ಹಾಕುವುದು, ಕಡಾಣಿ ಭದ್ರವಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು, ನೊಗದ ಹಗ್ಗ ಸವೆದಿದ್ದರೆ ಬದಲಾಯಿಸುವುದು, ಇವು ಹೊಡೆಯುವವನ ಕೆಲಸ. ಇದಕ್ಕೆ ಅವನು ಯಾರನ್ನೂ ಕರೆಯುತ್ತಿರಲಿಲ್ಲ. ಕರೆದರೆ ಊರು ನಗುತ್ತಿತ್ತು. ಗಾಲಿಯ ಅರವೊಂದು ಸಡಿಲವಾದರೆ, ಗುಂಬದಲ್ಲಿ ಬಿರುಕು ಕಂಡರೆ, ಅದು ಬಡಿಗನ ಕೆಲಸ. ಗಾಲಿಯ ಸುತ್ತ ಬಿಗಿದ ಕಬ್ಬಿಣದ ಹಳಿ ಸಡಿಲಿಸಿದರೆ, ಅದನ್ನು ಕೆಂಪಗೆ ಕಾಯಿಸಿ, ಮರದ ಗಾಲಿಗೆ ತೊಡಿಸಿ, ನೀರೆರೆದು ಕುಗ್ಗಿಸಿ ಬಿಗಿಮಾಡುವುದು ಕಮ್ಮಾರನ ಕೆಲಸ. ಇವರಿಬ್ಬರಿಗೂ ಸುಗ್ಗಿಯಲ್ಲಿ ಕಣದ ಮೇಲೆಯೇ ಆಯದ ಕಾಳು ಸಲ್ಲುತ್ತಿತ್ತು. ಹೊಸ ಚಕ್ಕಡಿಯನ್ನೇ ಕಟ್ಟಿಸಬೇಕಾದರೆ, ಒಳ್ಳೆಯ ಮರವೂ ಹೆಸರಾದ ಕೈಗಾರನೂ ಇರುವ ಊರನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಮೇಲಿನ ಮೆಟ್ಟಿಲಿಗೆ ಹೋದಂತೆಲ್ಲ ಕೆಲಸದ ಕುಶಲತೆ ಹೆಚ್ಚುತ್ತದೆ. ಆದರೆ ಕೆಲಸ ಬರುವ ಸಲ ಕಡಮೆಯಾಗುತ್ತದೆ. ಕೀಲೆಣ್ಣೆ ದಿನದಿನದ ಮಾತು. ಹಳಿ ಬಿಗಿಸುವುದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ. ಎರಡನೆಯದು, ಅತ್ಯಂತ ಸುಲಭವಾದ ಕೆಲಸವೇ ಅತ್ಯಂತ ಅಗತ್ಯವಾದ ಕೆಲಸ. ಕಮ್ಮಾರನು ಎಷ್ಟೇ ನಿಪುಣನಾಗಿದ್ದರೂ, ನಡುದಾರಿಯಲ್ಲಿ ಕಡಾಣಿ ಜಾರಿ ಗಾಲಿ ಕಳಚಿಕೊಂಡಾಗ ಅವನ ನೈಪುಣ್ಯವು ಎತ್ತಿಗೂ ಒಕ್ಕಲಿಗನಿಗೂ ಪ್ರಯೋಜನಕ್ಕೆ ಬರುವುದಿಲ್ಲ.

ಸೈನ್ಯದಲ್ಲಿಯೂ ತತ್ತ್ವವು ಇದೇ. ಆದರೆ ಅಲ್ಲಿ ಸಲಕರಣೆಗಳು ಸಾವಿರಾರು, ಬಳಸುವವರು ಸಾವಿರಾರು, ಇಂದು ಒಬ್ಬನ ಕೈಯಲ್ಲಿರುವ ವಸ್ತು ನಾಳೆ ಮತ್ತೊಬ್ಬನ ಕೈಗೆ ಹೋಗತಕ್ಕದ್ದು. ಆದಕಾರಣ ಹಳ್ಳಿಯಲ್ಲಿ ರೂಢಿಯಿಂದ ನಡೆಯುವುದು ಸೈನ್ಯದಲ್ಲಿ ಬರೆಹದ ನಿಯಮದಿಂದ ನಡೆಯಬೇಕಾಗುತ್ತದೆ.

ಮೊದಲು ಅತ್ಯಂತ ಚಿಕ್ಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಪದಾತಿಯ ಕೈಯಲ್ಲಿದ್ದುದು .303 ಅಂಗುಲದ ಲೀ-ಎನ್‌ಫೀಲ್ಡ್ ಬಂದೂಕು. ಇದರ ನಳಿಗೆಯನ್ನು ಎಣ್ಣೆ ಬಟ್ಟೆಯ ತುಂಡಿನಿಂದ ಎಳೆದು ಒರೆಸುವುದು, ಹೊರಭಾಗಕ್ಕೆ ಎಣ್ಣೆ ಸವರುವುದು, ಬೋಲ್ಟನ್ನು ಹೊರತೆಗೆದು ಶುಚಿಮಾಡಿ ಮತ್ತೆ ಸೇರಿಸುವುದು, ಇಷ್ಟು ಸಿಪಾಯಿಯ ಕರ್ತವ್ಯ. ಇಷ್ಟಕ್ಕಿಂತ ಕಡಮೆ ಮಾಡಿದರೆ ಅವನು ಶಿಕ್ಷೆಗೆ ಗುರಿ. ಇಷ್ಟಕ್ಕಿಂತ ಹೆಚ್ಚು ಮಾಡಿದರೂ ಶಿಕ್ಷೆಗೆ ಗುರಿ. ಹೆಚ್ಚು ಮಾಡಿದರೆ ಏನು ತಪ್ಪು ಎಂದು ಕೆಲವರು ಕೇಳಬಹುದು. ಬೋಲ್ಟೆಂಬುದು ಮದ್ದಿನ ತೋಟೆಯ ಹಿಂಬದಿಯನ್ನು ಮುಚ್ಚಿ ಹಿಡಿಯುವ ಭಾಗ. ಅದಕ್ಕೂ ತೋಟೆಗೂ ನಡುವೆ ಇರಬೇಕಾದ ಅಂತರವು ಕೂದಲೆಳೆಯಷ್ಟು. ಈ ಅಂತರವನ್ನು ಪ್ರತಿಯೊಂದು ಬಂದೂಕಿಗೂ ಪ್ರತ್ಯೇಕವಾಗಿ ಹೊಂದಿಸಿರುತ್ತಾರೆ. ಅದಕ್ಕಾಗಿಯೇ ಬಂದೂಕಿನ ಸಂಖ್ಯೆಯನ್ನು ಬೋಲ್ಟಿನ ಮೇಲೆಯೂ ಒತ್ತಿರುತ್ತಾರೆ. ಬ್ಯಾರಕಿನಲ್ಲಿ ಇಬ್ಬರು ಗೆಳೆಯರು ಮಾತನಾಡುತ್ತ ಬಂದೂಕುಗಳನ್ನು ತೊಳೆದು, ಒಬ್ಬನ ಬೋಲ್ಟನ್ನು ಮತ್ತೊಬ್ಬನ ಬಂದೂಕಿಗೆ ಸೇರಿಸಿದರೆಂದು ಭಾವಿಸಿರಿ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಅಂತರವು ಮಿತಿಮೀರಿದ್ದರೆ, ಗುಂಡು ಹಾರಿಸಿದಾಗ ತೋಟೆಯು ಹಿಂದುಗಡೆ ಒಡೆದು ಬಿಸಿ ಅನಿಲವು ಹಾರಿಸಿದವನ ಮುಖದ ಕಡೆಗೇ ನುಗ್ಗಬಹುದು. ಈ ಅಂತರವನ್ನು ಅಳೆಯುವ ಗೇಜು ಸಿಪಾಯಿಯ ಬಳಿಯಲ್ಲಿಲ್ಲ. ಅದು ಪಲ್ಟನಿನ ಆರ್ಮರರ್ ಎಂಬ ಶಸ್ತ್ರಕುಶಲನ ಬಳಿಯಲ್ಲಿದೆ. ಅಳೆಯಲಾಗದುದನ್ನು ತಿದ್ದಲು ಹೋಗಬಾರದು ಎಂಬುದೇ ಇಲ್ಲಿಯ ಗೆರೆ.

ಅಂತೂ ಮೆಟ್ಟಿಲುಗಳ ನಡುವಣ ಗೆರೆಯನ್ನು ಅಧಿಕಾರದ ಹಮ್ಮಿನಿಂದ ಎಳೆದುದಲ್ಲ. ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು ಎಳೆದುದು. ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು? ಯಾವ ಹತ್ಯಾರು, ಯಾವ ಅಳತೆಯ ಸಾಧನ ಬೇಕು? ಎಂಥ ಶಿಕ್ಷಣ ಪಡೆದ ಕೈ ಬೇಕು? ಬದಲಿ ಹಾಕುವ ಬಿಡಿಭಾಗವು ಎಲ್ಲಿ ಸಂಗ್ರಹವಾಗಿದೆ? ಇವು ನಾಲ್ಕೂ ಯಾವ ಮೆಟ್ಟಿಲಿನಲ್ಲಿ ಒಟ್ಟಿಗೆ ದೊರೆಯುತ್ತವೆಯೋ, ಆ ಕೆಲಸವು ಆ ಮೆಟ್ಟಿಲಿಗೆ ಸೇರಿದುದು. ಇವುಗಳ ಜತೆಗೆ ಒಂದು ಸಾಮಾನ್ಯ ಸೂತ್ರವುಂಟು: ದುರಸ್ತಿಯು ಸಾಧ್ಯವಾದಷ್ಟೂ ಮುಂಚೂಣಿಗೆ ಹತ್ತಿರದಲ್ಲಿ ನಡೆಯತಕ್ಕದ್ದು. ಹಿಂದಕ್ಕೆ ಕಳುಹಿಸಿದ ಯಂತ್ರವು ಕೆಟ್ಟಿರುವಷ್ಟು ಕಾಲ ಮಾತ್ರವಲ್ಲ, ಹೋಗಿ ಬರುವಷ್ಟು ಕಾಲವೂ ಸೈನಿಕನಿಗೆ ಇಲ್ಲದಂತೆಯೇ ಸರಿ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನ್ಯಗಳು ಕುದುರೆ ಮತ್ತು ಹೇಸರಗತ್ತೆಗಳಿಂದ ಯಂತ್ರವಾಹನಗಳಿಗೆ ಏರಿದುವು. ಅದರೊಡನೆ ಈ ಏರ್ಪಾಡೂ ಸ್ಪಷ್ಟವಾದ ರೂಪ ಪಡೆಯಿತು. ಅಮೆರಿಕದ ಸೈನ್ಯವು ತನ್ನ ಜೋಪಾನದ ಕೆಲಸವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿತು. ಮೊದಲನೆಯದು ಚಾಲಕನದು, ಎರಡನೆಯದು ಅವನ ಪಡೆಯ ಕಸಬುದಾರರದು, ಮೂರನೆಯದು ಪಡೆಗಳ ಬೆನ್ನಹಿಂದೆ ಸಂಚರಿಸುವ ಕಾರ್ಯಾಗಾರದ್ದು, ನಾಲ್ಕನೆಯದು ಇನ್ನೂ ಹಿಂದೆ ಬಹುಮಟ್ಟಿಗೆ ಒಂದೇ ಕಡೆ ನಿಲ್ಲುವ ದೊಡ್ಡ ಕಾರ್ಯಾಗಾರದ್ದು, ಐದನೆಯದು ಯಂತ್ರವನ್ನು ಪೂರ್ತಿಯಾಗಿ ಬಿಚ್ಚಿ ಹೊಸದಾಗಿ ಕಟ್ಟುವ ಮೂಲ ಕಾರ್ಖಾನೆಯದು. ಬ್ರಿಟನ್ನಿನಲ್ಲಿ 1942ರ ಅಕ್ಟೋಬರಿನಲ್ಲಿ ಈ ಕೆಲಸಕ್ಕಾಗಿಯೇ ವಿದ್ಯುತ್ ಮತ್ತು ಯಂತ್ರಶಿಲ್ಪಿಗಳ ಪ್ರತ್ಯೇಕ ದಳವೊಂದು ಹುಟ್ಟಿತು. ಮರುವರ್ಷ, ಎಂದರೆ 1943ರಲ್ಲಿ, ಭಾರತೀಯ ಸೈನ್ಯದಲ್ಲಿಯೂ ಅದೇ ಮಾದರಿಯ ದಳ ಏರ್ಪಟ್ಟಿತು. ಇಂದಿಗೂ ಇ.ಎಂ.ಇ. ಎಂಬ ಮೂರಕ್ಷರಗಳಿಂದ ಪರಿಚಿತವಾಗಿರುವ ಈ ದಳವು ಅಕ್ಟೋಬರ್ 15ನ್ನು ತನ್ನ ದಿನವೆಂದು ಆಚರಿಸುತ್ತದೆ. ಅದುವರೆಗೆ ದುರಸ್ತಿಯ ಕೆಲಸದ ಬಹುಭಾಗವು ಸಾಮಗ್ರಿಯನ್ನು ಒದಗಿಸುವ ಆರ್ಡ್ನೆನ್ಸ್ ದಳದ ಹೊಣೆಯೊಳಗೇ ಇದ್ದಿತು. ಸಾಮಾನನ್ನು ಎಣಿಸಿ ಕೊಡುವವನೇ ಅದನ್ನು ರಿಪೇರಿ ಮಾಡುವವನೂ ಆಗಿದ್ದ ಕಾಲವು ಯಂತ್ರಗಳು ಹೆಚ್ಚಿದ ಮೇಲೆ ನಿಲ್ಲಲಾರದೆ ಹೋಯಿತು.

ಈ ಮೆಟ್ಟಿಲುಗಳು ನಡೆಯುವ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ಮಾಡಲು ನಾವು ಮತ್ತೆ ಆ ನಾಲ್ಕು ತಾಲ್ಲೂಕುಗಳಿಗೆ ಹೋಗೋಣ. ಬೆಳಗಾವಿಯು ಮರಾಠಾ ಲಘು ಪದಾತಿದಳದ ಕೇಂದ್ರಸ್ಥಾನ. ಅಲ್ಲಿಂದ ಮೂವತ್ತು ಲಾರಿಗಳ ಒಂದು ಸಾಲು ಮಳೆಗಾಲದಲ್ಲಿ ಅಭ್ಯಾಸಕ್ಕಾಗಿ ಹೊರಟು, ಹುಬ್ಬಳ್ಳಿಯನ್ನು ಹಾದು, ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರುಗಳ ದಾರಿಯಲ್ಲಿ ಸಾಗುತ್ತಿದೆಯೆಂದು ಊಹಿಸೋಣ. ಇದು ನಡೆದ ಕಥೆಯಲ್ಲ, ವಿಷಯವನ್ನು ತಿಳಿಯಲು ನಾವು ಮಾಡಿಕೊಂಡ ಕಲ್ಪನೆ.

ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಶಿಗ್ಗಾವಿಯಲ್ಲಿ ಸಾಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಾಲಕನು ಚಹಾ ಕುಡಿಯುವುದಕ್ಕೆ ಮೊದಲು ತನ್ನ ಲಾರಿಯ ಸುತ್ತ ಒಂದು ಸಲ ಬರಬೇಕು. ಗಾಲಿಯ ನಡುಭಾಗವನ್ನು ಅಂಗೈಯಿಂದ ಮುಟ್ಟಿ ನೋಡಬೇಕು. ಮಿತಿಮೀರಿ ಬಿಸಿಯಾಗಿದ್ದರೆ ಬ್ರೇಕು ಹಿಡಿದಿದೆ ಅಥವಾ ಬೇರಿಂಗು ಒಣಗಿದೆ ಎಂದು ಅರ್ಥ. ಟೈರಿನಲ್ಲಿ ಮೊಳೆ ಸಿಕ್ಕಿದೆಯೇ, ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ, ನೆಲದ ಮೇಲೆ ಎಣ್ಣೆಯ ಹನಿ ಬಿದ್ದಿದೆಯೇ, ರೇಡಿಯೇಟರಿನ ನೀರು ಇಳಿದಿದೆಯೇ ಎಂದು ನೋಡಬೇಕು. ಹೊರಡುವ ಮುನ್ನ, ಓಡುತ್ತಿರುವಾಗ, ನಿಂತಾಗ, ದಿನದ ಕೆಲಸ ಮುಗಿದ ಮೇಲೆ—ಹೀಗೆ ನಾಲ್ಕು ಹೊತ್ತಿನ ಪರೀಕ್ಷೆ ಚಾಲಕನದು. ಓಡುತ್ತಿರುವಾಗಿನ ಪರೀಕ್ಷೆಯನ್ನು ಅವನು ಕಿವಿಯಿಂದಲೂ ಮೂಗಿನಿಂದಲೂ ಮಾಡುತ್ತಾನೆ. ಇದಕ್ಕೆ ಬೇಕಾದ ಹತ್ಯಾರು ಒಂದು ಪಾನಾ, ಒಂದು ಜಾಕಿ, ಒಂದು ಎಣ್ಣೆಯ ಡಬ್ಬಿ. ಇದೇ ಮೊದಲನೆಯ ಮೆಟ್ಟಿಲು.

ಸವಣೂರಿನ ಕಡೆಗೆ ತಿರುಗಿದರೆ ಎರೆಭೂಮಿ. ಮಳೆ ಬಿದ್ದ ಎರೆಯಲ್ಲಿ ಗಾಲಿ ಸಿಕ್ಕಿದರೆ ಏನಾಗುವುದೆಂಬುದನ್ನು ಆ ಸೀಮೆಯ ಎತ್ತುಗಳು ಬಲ್ಲವು. ಲಾರಿಯೊಂದು ಹೂತುಕೊಳ್ಳುತ್ತದೆ; ಚಾಲಕನು ಎಂಜಿನ್ನನ್ನು ಅತಿಯಾಗಿ ಓಡಿಸುತ್ತಾನೆ; ಫ್ಯಾನ್ ಬೆಲ್ಟು ಹರಿಯುತ್ತದೆ; ಮೇಲೆಬಂದಾಗ ಬ್ರೇಕು ಸರಿಯಾಗಿ ಹಿಡಿಯದು. ಈಗ ಪಡೆಯ ಸ್ವಂತ ಕಸಬುದಾರರು ಬರುತ್ತಾರೆ. ಬೆಲ್ಟನ್ನು ಬದಲಾಯಿಸುವುದು, ಬ್ರೇಕನ್ನು ಹೊಂದಿಸುವುದು, ಕೆಸರು ತುಂಬಿದ ಭಾಗಗಳನ್ನು ಬಿಚ್ಚಿ ತೊಳೆಯುವುದು ಒಂದೆರಡು ಗಂಟೆಗಳ ಕೆಲಸ. ಬೇಕಾದ ಚಿಲ್ಲರೆ ಬಿಡಿಭಾಗಗಳು ಪಡೆಯ ಜತೆಯಲ್ಲಿಯೇ ಪ್ರಯಾಣ ಮಾಡುತ್ತಿರುತ್ತವೆ. ಇದು ಎರಡನೆಯ ಮೆಟ್ಟಿಲು. ಸಾಲು ಮುಂದೆ ಹೋಗುತ್ತದೆ. ಲಾರಿಯು ರಾತ್ರಿಯೊಳಗೆ ಬಂದು ಕೂಡಿಕೊಳ್ಳುತ್ತದೆ.

ಹಾನಗಲ್ಲಿನ ಸೀಮೆಯು ಮಲೆನಾಡಿನ ಅಂಚು; ಭತ್ತದ ಗದ್ದೆಗಳೂ ಕೆರೆಗಳೂ ನಿಬಿಡವಾದುದು. ನೀರು ತುಂಬಿ ಕಾಣದ ಹಳ್ಳಕ್ಕೆ ಲಾರಿಯೊಂದು ಇಳಿದು, ಸ್ಪ್ರಿಂಗಿನ ಮುಖ್ಯಪಟ್ಟಿ ಮುರಿಯುತ್ತದೆ; ಗೇರ್‌ಪೆಟ್ಟಿಗೆಯಲ್ಲಿ ಕಲ್ಲು ಅರೆದಂಥ ಸದ್ದು ಕೇಳಿಸುತ್ತದೆ. ಇದು ಪಡೆಯ ಕಸಬುದಾರರ ಕೈಮೀರಿದುದು. ಹಿಂದೆ ಬರುತ್ತಿರುವ ಇ.ಎಂ.ಇ. ಕಾರ್ಯಾಗಾರದ ತುಕಡಿಯು ಮುಂದೆ ಬಂದು ನೋಡುತ್ತದೆ. ಅವರು ಗೇರ್‌ಪೆಟ್ಟಿಗೆಯನ್ನು ಅಲ್ಲಿ ಬಿಚ್ಚಿ ಹರಡಿಕೊಂಡು ಕುಳಿತುಕೊಳ್ಳುವುದಿಲ್ಲ. ಮಳೆಯಲ್ಲಿ, ಧೂಳುಕೆಸರುಗಳ ನಡುವೆ, ಅದನ್ನು ತೆರೆಯುವುದೇ ಕೇಡು. ಇಡೀ ಪೆಟ್ಟಿಗೆಯನ್ನು ಕಳಚಿ, ತಮ್ಮೊಡನೆ ತಂದ ಸರಿಯಾದ ಪೆಟ್ಟಿಗೆಯೊಂದನ್ನು ಅಲ್ಲಿ ಕೂರಿಸುತ್ತಾರೆ. ಕೆಟ್ಟುದು ಹಿಂದಕ್ಕೆ ಹೋಗುತ್ತದೆ. ಇದು ಈ ಏರ್ಪಾಡಿನ ಒಂದು ಮುಖ್ಯವಾದ ಯುಕ್ತಿ. ಲಾರಿಯು ಮುಂದೆಯೇ ಇರುತ್ತದೆ, ಅದರ ಕೆಟ್ಟ ಅಂಗವೊಂದು ಮಾತ್ರ ಹಿಂದಕ್ಕೆ ಹೋಗುತ್ತದೆ. ಇದು ಮೂರನೆಯ ಮೆಟ್ಟಿಲು.

ಹಿರೇಕೆರೂರಿನ ದಾರಿಯಲ್ಲಿ ಲಾರಿಯೊಂದು ಕೆರೆಯ ಏರಿಯಿಂದ ಉರುಳುತ್ತದೆಯೆಂದು ಭಾವಿಸೋಣ. ಚೌಕಟ್ಟು ಬಾಗಿದೆ, ಎಂಜಿನ್ನಿನ ಎರಕದ ಒಡಲು ಬಿರಿದಿದೆ. ಎತ್ತುವ ಯಂತ್ರವಿರುವ ವಾಹನವು ಬಂದು ಅದನ್ನು ಮೇಲಕ್ಕೆಳೆಯುತ್ತದೆ. ಈಗ ನಡೆಯಬೇಕಾದ ಮೊದಲ ಕೆಲಸವು ದುರಸ್ತಿಯಲ್ಲ, ತೀರ್ಮಾನ. ಇದು ಸರಿಪಡಿಸಲು ಯೋಗ್ಯವೇ, ಅಥವಾ ಇದರ ಒಳ್ಳೆಯ ಭಾಗಗಳನ್ನು ತೆಗೆದಿರಿಸಿ ಉಳಿದುದನ್ನು ಗುಜರಿಗೆ ಹಾಕತಕ್ಕದ್ದೇ? ಆ ತೀರ್ಮಾನವನ್ನು ಅಧಿಕಾರವುಳ್ಳ ಪರೀಕ್ಷಕನು ಮಾತ್ರ ಮಾಡಬಲ್ಲನು. ಯೋಗ್ಯವೆಂದು ಕಂಡರೆ ಅದು ಮೂಲ ಕಾರ್ಖಾನೆಗೆ ಹೋಗುತ್ತದೆ. ಬೆಂಗಳೂರಿನ 515ನೆಯ ಆರ್ಮಿ ಬೇಸ್ ವರ್ಕ್‌ಶಾಪ್ ಈ ವರ್ಗದ ಕಾರ್ಖಾನೆಗಳಲ್ಲಿ ಒಂದು. ಇಂಥ ಕಡೆ ಸಲಕರಣೆಯನ್ನು ಕೊನೆಯ ತಿರುಪಿನವರೆಗೆ ಬಿಚ್ಚುತ್ತಾರೆ. ಪ್ರತಿಯೊಂದು ಭಾಗವನ್ನೂ ಅಳೆಯುತ್ತಾರೆ. ಸವೆದುದನ್ನು ತೆಗೆದು ಹೊಸದನ್ನು ಹಾಕಿ, ಮತ್ತೆ ಕಟ್ಟಿ, ಪರೀಕ್ಷಿಸಿ, ಉಗ್ರಾಣಕ್ಕೆ ಒಪ್ಪಿಸುತ್ತಾರೆ. ಆ ಲಾರಿಯು ಹಳೆಯ ಚಾಲಕನಿಗೆ ಮರಳಿ ಬರುವುದಿಲ್ಲ. ಎಲ್ಲಿ ಅಗತ್ಯವಿದೆಯೋ ಆ ಪಡೆಗೆ ಹೋಗುತ್ತದೆ.

ಕಲ್ಪನೆಯ ಈ ಪ್ರಯಾಣವನ್ನು ಮುಗಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಹಿರೇಕೆರೂರಿನ ದಾರಿಯಲ್ಲಿ ಲಾರಿ ಉರುಳಿದುದೇಕೆ? ಗಾಲಿಯೊಂದು ಕಳಚಿಕೊಂಡುದರಿಂದ ಎಂದಿಟ್ಟುಕೊಳ್ಳಿ. ಗಾಲಿ ಕಳಚಿದುದು ನಟ್ಟುಗಳು ಸಡಿಲಿಸಿದ್ದುದರಿಂದ. ನಟ್ಟುಗಳು ಸಡಿಲಿಸಿದ್ದುದು ಶಿಗ್ಗಾವಿಯಲ್ಲಿಯೇ ತಿಳಿಯಬಹುದಾಗಿತ್ತು. ಮಳೆ ಜೋರಾಗಿದ್ದುದರಿಂದ ಚಾಲಕನು ಕೆಳಗಿಳಿಯಲಿಲ್ಲ. ಒಂದು ಪಾನಾದಿಂದ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸವು ಈಗ ಮೂಲ ಕಾರ್ಖಾನೆಯಲ್ಲಿ ವಾರಗಟ್ಟಲೆಯ ಕೆಲಸವಾಯಿತು. ಲಾರಿಯ ಹಿಂಭಾಗದಲ್ಲಿ ಕುಳಿತಿದ್ದ ಸಿಪಾಯಿಗಳ ಮಾತನ್ನು ನಾವು ಇನ್ನೂ ಎತ್ತಲೇ ಇಲ್ಲ. ಮುರಿದ ಎಂಜಿನ್ನನ್ನು ಐದನೆಯ ಮೆಟ್ಟಿಲು ಹೊಸದಾಗಿ ಮಾಡಿ ಕೊಡಬಲ್ಲುದು. ಮುರಿದ ಬೆನ್ನೆಲುಬಿಗೆ ಅಂಥ ಕಾರ್ಖಾನೆಯಿಲ್ಲ. ಸಲಕರಣೆಯ ಜೋಪಾನವನ್ನು ಸೈನ್ಯಗಳು ಶಿಸ್ತಿನ ಭಾಗವೆಂದು ಎಣಿಸುವುದು ಇದಕ್ಕಾಗಿಯೇ.

ಇನ್ನು ಕಲ್ಪನೆಯನ್ನು ಬಿಟ್ಟು ನಮ್ಮ ನಾಡಿನಲ್ಲಿಯೇ ನಡೆದ ಸಂಗತಿಗೆ ಬರೋಣ. ಮೈಸೂರು ಸಂಸ್ಥಾನದ ದಿವಾನರಾಗಿ ಸರ್ ಮಿರ್ಜಾ ಇಸ್ಮಾಯಿಲ್ಲರು ಇದ್ದಾಗ, ವಾಲ್‌ಚಂದ್ ಹೀರಾಚಂದರು ಸಂಸ್ಥಾನದ ಸಹಭಾಗಿತ್ವದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಅದರ ಉದ್ದೇಶವು ವಿಮಾನಗಳನ್ನು ಕಟ್ಟುವುದಾಗಿತ್ತು. ಆದರೆ ಯುದ್ಧವು ಬರ್ಮಾದವರೆಗೆ ಬಂದಾಗ, ಹೊಸ ವಿಮಾನಗಳನ್ನು ಕಟ್ಟುವುದಕ್ಕಿಂತ ಇರುವ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇಡುವುದೇ ಹೆಚ್ಚು ಜರೂರಾಯಿತು. 1943ರಲ್ಲಿ ಆ ಕಾರ್ಖಾನೆಯ ಆಡಳಿತವು ಅಮೆರಿಕದ ಸೈನ್ಯದ ವಿಮಾನದಳದ ಕೈಸೇರಿ, ಅದು ಒಂದು ದೊಡ್ಡ ದುರಸ್ತಿಯ ನೆಲೆಯಾಗಿ ಮಾರ್ಪಟ್ಟಿತು. ಭಾರತ ಮತ್ತು ಬರ್ಮಾದ ಆಕಾಶದಲ್ಲಿ ಹಾರಿ ಸವೆದ ವಿಮಾನಗಳೂ ಎಂಜಿನ್ನುಗಳೂ ಇಲ್ಲಿಗೆ ಬಂದು, ಪೂರ್ತಿ ಬಿಚ್ಚಿಸಿಕೊಂಡು, ಹೊಸ ಜೀವ ಪಡೆದು ಮರಳಿದುವು. ನೀರಿನ ಮೇಲೂ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ಅವುಗಳಲ್ಲಿ ಸೇರಿದ್ದುವು. ಯುದ್ಧಭೂಮಿಯ ವಿಮಾನನಿಲ್ದಾಣದಲ್ಲಿ ರಾತ್ರಿ ದೀಪವನ್ನು ಮರೆಮಾಡಿಕೊಂಡು ಎಣ್ಣೆ ತುಂಬುತ್ತಿದ್ದ ಕಸಬುದಾರನು ಒಂದು ಕೊನೆಯ ಮೆಟ್ಟಿಲಿನಲ್ಲಿದ್ದರೆ, ಬೆಂಗಳೂರಿನ ಈ ಕಾರ್ಖಾನೆಯು ಇನ್ನೊಂದು ಕೊನೆಯಲ್ಲಿತ್ತು.

ಯುದ್ಧ ಮುಗಿದ ಮೇಲೆ ಇಲ್ಲಿ ನಡೆದುದು ಇನ್ನೂ ಸ್ವಾರಸ್ಯವಾದುದು. ಬ್ರಿಟಿಷ್ ವಿಮಾನದಳವು ಅಮೆರಿಕದಿಂದ ಎರವಲು ಪಡೆದಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರುಗಳನ್ನು ಕಾನ್ಪುರದಲ್ಲಿ, ಇನ್ನು ಯಾರೂ ಬಳಸಲಾಗದಂತೆ ಕೆಡಿಸಿ ಬಿಟ್ಟುಹೋಗಿತ್ತು. ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕಾಗಿದ್ದುವು. 1948ರಲ್ಲಿ ಅವುಗಳನ್ನು ಪುನಃ ಎಬ್ಬಿಸುವ ಕೆಲಸವು ಬೆಂಗಳೂರಿನ ಕಾರ್ಖಾನೆಗೆ ಬಂದಿತು. ವಿಮಾನಗಳು ಇದ್ದುದು ಕಾನ್ಪುರದಲ್ಲಿ. ಅವುಗಳನ್ನು ಸರಿಪಡಿಸುವ ಸಲಕರಣೆಯೂ ಕೈಗಳೂ ಇದ್ದುದು ಬೆಂಗಳೂರಿನಲ್ಲಿ. ಆದಕಾರಣ ಕೆಲಸವನ್ನು ಎರಡು ಭಾಗ ಮಾಡಿದರು. ಕಾನ್ಪುರಕ್ಕೆ ಹೋದ ತಂಡದವರು ಪ್ರತಿಯೊಂದು ವಿಮಾನಕ್ಕೂ ಒಂದೇ ಒಂದು ಸಲ, ಬೆಂಗಳೂರಿನವರೆಗೆ, ಹಾರಿಬರಲು ಸಾಲುವಷ್ಟು ಮಾತ್ರ ದುರಸ್ತಿ ಮಾಡಿದರು. ಕಂಪೆನಿಯ ಪರೀಕ್ಷಾ ವಿಮಾನಚಾಲಕರಾಗಿದ್ದ ಜಮ್ಶೇದ್ ಮುನ್ಷಿಯವರು ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಅವು ಪೂರ್ತಿಯಾಗಿ ಹೊಸದಾದುವು. ಹೀಗೆ ಸುಮಾರು 40 ಲಿಬರೇಟರುಗಳು ಪುನರ್ಜನ್ಮ ಪಡೆದುವು. ಅದೇ ವರ್ಷದ ನವೆಂಬರಿನಲ್ಲಿ ಭಾರತೀಯ ವಿಮಾನದಳದ 5ನೆಯ ಸ್ಕ್ವಾಡ್ರನ್ನು ಮೊದಲ ವಿಮಾನಗಳನ್ನು ಪಡೆಯಿತು. ಈ ಜಾತಿಯ ವಿಮಾನಗಳು 1968ರವರೆಗೆ ನಮ್ಮ ದೇಶದ ಸೇವೆಯಲ್ಲಿದ್ದುವು. ಆಮೇಲೆ ಅವುಗಳಲ್ಲಿ ಕೆಲವು ಪಶ್ಚಿಮ ದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿದುವು.

ಈ ವೃತ್ತಾಂತದಲ್ಲಿ ಸಾಹಸವುಂಟು; ಅದನ್ನು ಮೆಚ್ಚದವರಿಲ್ಲ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ ಪಾಠವು ಬೇರೆ. ಕಾನ್ಪುರದ ತಂಡದವರು ತಮ್ಮ ಕೆಲಸ ಎಷ್ಟು ಎಂಬುದನ್ನು ಅರಿತಿದ್ದರು. ಅಲ್ಲಿಯೇ ಎಲ್ಲವನ್ನೂ ಸರಿಪಡಿಸುತ್ತೇವೆಂದು ಅವರು ಕುಳಿತಿದ್ದರೆ, ಹತ್ಯಾರುಗಳಿಲ್ಲದೆ ಕಾಲ ಕಳೆಯುತ್ತಿತ್ತು. ಏನನ್ನೂ ಮಾಡದೆ, ಎಲ್ಲವೂ ಬೆಂಗಳೂರಿನವರ ಹೊಣೆ ಎಂದಿದ್ದರೆ ವಿಮಾನಗಳು ನೆಲ ಬಿಟ್ಟು ಏಳುತ್ತಿರಲಿಲ್ಲ. ಒಂದು ಪ್ರಯಾಣಕ್ಕೆ ಸಾಲುವ ದುರಸ್ತಿಯೂ ಪೂರ್ತಿ ಆಯುಷ್ಯಕ್ಕೆ ಸಾಲುವ ದುರಸ್ತಿಯೂ ಬೇರೆ ಬೇರೆ; ಎರಡಕ್ಕೂ ಮರ್ಯಾದೆಯ ಸ್ಥಾನವುಂಟು.

ಈ ಏರ್ಪಾಡು ಕೆಡುವುದು ಹೇಗೆ ಎಂಬುದನ್ನೂ ಹೇಳಬೇಕು. ಅದು ಮೂರು ವಿಧವಾಗಿ ಕೆಡುತ್ತದೆ. ಕೆಳಗಿನವನು ತನ್ನ ಪಾಲಿನ ಕೆಲಸವನ್ನು ಮಾಡದೆ, ಮೇಲಿನವನು ಇದ್ದಾನಲ್ಲ ಎಂದು ಸುಮ್ಮನಾಗುವುದು ಮೊದಲನೆಯದು. ಇದರಿಂದ ಮೇಲಿನ ಕಾರ್ಯಾಗಾರದಲ್ಲಿ ಕೀಲೆಣ್ಣೆ ಹಾಕದ ಗಾಲಿಗಳ ರಾಶಿ ಬಿದ್ದು, ನಿಜವಾಗಿ ಮುರಿದ ಗಾಲಿಗೆ ಸರದಿ ಬಾರದೆ ಹೋಗುತ್ತದೆ. ಕೆಳಗಿನವನು ತನ್ನ ಪಾಲಿಗಿಂತ ಹೆಚ್ಚಿನದಕ್ಕೆ ಕೈಹಾಕುವುದು ಎರಡನೆಯದು. ಇವನು ಸೋಮಾರಿಯಲ್ಲ, ಉತ್ಸಾಹಿ. ಆದರೆ ಗೇಜಿಲ್ಲದ ಉತ್ಸಾಹದಿಂದ ಬಂದೂಕಿನ ಬೋಲ್ಟು ಸರಿಹೋಗುವುದಿಲ್ಲ. ಮೂರನೆಯದನ್ನು ಹೇಳಲು ಮೇಲಿನವರಿಗೆ ಸಂಕೋಚ. ಬಿಡಿಭಾಗವನ್ನು ಕೇಳಿದ ಪತ್ರಕ್ಕೆ ಉತ್ತರವಿಲ್ಲ. ಹಿಂದಕ್ಕೆ ಕಳುಹಿಸಿದ ಯಂತ್ರದ ಸುದ್ದಿಯಿಲ್ಲ. ಆಗ ಮುಂಚೂಣಿಯವನು ಏನು ಮಾಡುತ್ತಾನೆ? ನಿಂತಿರುವ ಒಂದು ಲಾರಿಯಿಂದ ಭಾಗವನ್ನು ಕಿತ್ತು ಮತ್ತೊಂದಕ್ಕೆ ಹಾಕುತ್ತಾನೆ. ಇಂದು ಒಂದು ಲಾರಿ ಓಡುತ್ತದೆ; ನಾಳೆ ಎರಡೂ ನಿಲ್ಲುತ್ತವೆ. ಇಂಥ ಕೀಳುವಿಕೆಗೆ ಅಧಿಕಾರಿಯ ಅಪ್ಪಣೆ ಬೇಕೆಂಬ ನಿಯಮವಿರುವುದು ಅದಕ್ಕಾಗಿ. ಆದರೆ ಅಪ್ಪಣೆಯ ನಿಯಮವನ್ನು ಮಾಡಿದವರು ಬಿಡಿಭಾಗವನ್ನು ಸಕಾಲದಲ್ಲಿ ಒದಗಿಸುವ ಹೊಣೆಯನ್ನೂ ಹೊತ್ತಿರಬೇಕು.

ಇವುಗಳನ್ನು ತಡೆಯುವ ಸಾಧನಗಳು ಎರಡು. ಒಂದು, ಪುಸ್ತಕ. ಪ್ರತಿಯೊಂದು ವಾಹನದೊಡನೆಯೂ ಅದರ ದಾಖಲೆಯ ಪುಸ್ತಕ ಇರುತ್ತದೆ. ಎಷ್ಟು ದೂರ ಓಡಿತು, ಯಾವ ದಿನ ಎಣ್ಣೆ ಬದಲಾಯಿತು, ಯಾವ ಭಾಗವನ್ನು ಯಾರು ಹಾಕಿದರು ಎಂಬುದೆಲ್ಲವೂ ಅದರಲ್ಲಿದ್ದು, ಕೆಳಗೆ ಸಹಿ ಇರುತ್ತದೆ. ಒಂದೇ ತೆರನಾದ ಭಾಗವು ಹತ್ತು ಲಾರಿಗಳಲ್ಲಿ ಮುರಿದರೆ, ಆ ಪುಸ್ತಕಗಳ ಮೂಲಕ ಸುದ್ದಿಯು ಮೇಲಿನ ಮೆಟ್ಟಿಲಿಗೆ ಏರಿ, ತಪ್ಪು ಚಾಲಕರದಲ್ಲ, ಆ ಭಾಗವನ್ನು ರೂಪಿಸಿದವರದು ಎಂದು ತಿಳಿಯುತ್ತದೆ. ಬಿಡಿಭಾಗಗಳು ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಅನುಭವವು ಕೆಳಗಿನಿಂದ ಮೇಲಕ್ಕೆ ಏರಬೇಕು. ಎರಡನೆಯ ಸಾಧನವು ಪಡೆಯ ನಾಯಕನ ಕಣ್ಣು. ಕೆಲಸವನ್ನು ಹಂಚಬಹುದು, ಆದರೆ ಹಂಚಿದವನ ಹೊಣೆಯು ಹಂಚಿದುದರಿಂದ ಕಡಮೆಯಾಗುವುದಿಲ್ಲ. ನಟ್ಟನ್ನು ಬಿಗಿಯುವುದು ಚಾಲಕನ ಕೆಲಸ. ಚಾಲಕನಿಗೆ ಮಳೆಯಲ್ಲಿಯೂ ಕೆಳಗಿಳಿದು ನೋಡಲು ಐದು ನಿಮಿಷ ದೊರೆಯುವಂತೆ ಮಾಡುವುದು ಅಧಿಕಾರಿಯ ಕೆಲಸ. ಶಿಗ್ಗಾವಿಯಲ್ಲಿ ಹೊತ್ತಾಯಿತೆಂದು ಅವಸರಪಡಿಸಿದ ನಾಯಕನು ಹಿರೇಕೆರೂರಿನ ಅಪಘಾತದಲ್ಲಿ ಪಾಲುಗಾರನೇ.

ಮೆಟ್ಟಿಲುಗಳ ಸಂಖ್ಯೆಯು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಯಂತ್ರಗಳು ಕಳಚಿ ಸೇರಿಸಬಹುದಾದ ಪೆಟ್ಟಿಗೆಗಳ ಜೋಡಣೆಯಾದಂತೆಲ್ಲ ನಡುವಣ ಮೆಟ್ಟಿಲುಗಳಿಗೆ ಕೆಲಸ ಕಡಮೆಯಾಯಿತು. ವಿಮಾನದಳಗಳಲ್ಲಿ ಸಾಮಾನ್ಯವಾಗಿ ಸ್ಕ್ವಾಡ್ರನ್ನು, ನಡುವಣ ಕಾರ್ಯಾಗಾರ, ಮೂಲ ಕಾರ್ಖಾನೆ ಎಂದು ಮೂರನ್ನು ಎಣಿಸುವ ರೂಢಿ ಬಂದಿತು. ಐದು ಮೆಟ್ಟಿಲುಗಳನ್ನು ಕಟ್ಟಿದ್ದ ಅಮೆರಿಕದ ಸೈನ್ಯವೇ ಈ ಶತಮಾನದ ಮೊದಲ ದಶಕದಲ್ಲಿ ಅವುಗಳನ್ನು ರಣಭೂಮಿಯ ಜೋಪಾನ ಮತ್ತು ಹಿಂದಿನ ನೆಲೆಯ ಪುನರ್ನಿರ್ಮಾಣ ಎಂದು ಎರಡಕ್ಕೆ ಇಳಿಸಿತು. ಐದು ಮೂರಾಗಬಹುದು, ಮೂರು ಎರಡಾಗಬಹುದು. ಆದರೆ ಮೊದಲನೆಯ ಮೆಟ್ಟಿಲನ್ನು ತೆಗೆದುಹಾಕಿದ ಸೈನ್ಯವು ಯಾವುದೂ ಇಲ್ಲ.

ಹಾನಗಲ್ಲಿನ ವಿಷಯವಾಗಿ ಇನ್ನೊಂದು ಮಾತು. 1196ರಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳನು ಆ ಊರನ್ನು ಮುತ್ತಿದನು. ಆ ಕಾಳಗದ ನೆನಪು ವೀರಗಲ್ಲಿನಲ್ಲಿ ಉಳಿದಿದೆ. ನಮ್ಮ ನಾಡಿನ ವೀರಗಲ್ಲುಗಳು ಹೋರಾಡಿ ಮಡಿದವರನ್ನು ಸ್ಮರಿಸುತ್ತವೆ. ಅದು ನ್ಯಾಯವೇ ಸರಿ. ಆದರೆ ಬಿಲ್ಲಿನ ಹೆದೆಯನ್ನು ಮಳೆಗೆ ನೆನೆಯದಂತೆ ಕಾಪಾಡಿದವನಿಗೂ, ಕತ್ತಿಯ ಹಿಡಿಯನ್ನು ಬಿಗಿಮಾಡಿ ಕೊಟ್ಟ ಕಮ್ಮಾರನಿಗೂ ಕಲ್ಲು ನಿಲ್ಲಿಸುವ ಪದ್ಧತಿಯಿರಲಿಲ್ಲ. ಜೋಪಾನದ ಕೆಲಸಕ್ಕೆ ಎಂದಿನಿಂದಲೂ ಕೀರ್ತಿ ಕಡಮೆ. ಅದು ಸರಿಯಾಗಿ ನಡೆದಾಗ ಏನೂ ಆಗುವುದಿಲ್ಲ. ಏನೂ ಆಗದುದನ್ನು ಯಾರೂ ನೆನಪಿನಲ್ಲಿಡುವುದಿಲ್ಲ.

ನಗರದಲ್ಲಿ ವಾಸಿಸುವ ನಾವು ಬಸ್ಸನ್ನು ಏರುತ್ತೇವೆ, ಲಿಫ್ಟಿನಲ್ಲಿ ಇಳಿಯುತ್ತೇವೆ, ಆಸ್ಪತ್ರೆಯ ಯಂತ್ರದ ಕೆಳಗೆ ಮಲಗುತ್ತೇವೆ. ಇವೆಲ್ಲವುಗಳ ಹಿಂದೆಯೂ ಹೊಣೆಯ ಇಂಥ ಮೆಟ್ಟಿಲುಗಳಿವೆ. ಅವುಗಳಲ್ಲಿ ಎಲ್ಲಿಯೋ ಒಂದು ಮೆಟ್ಟಿಲು ನಮ್ಮದೂ ಆಗಿರುತ್ತದೆ. ನಮ್ಮ ಪಾಲಿಗೆ ಬಂದ ಕೆಲಸ ಯಾವುದು, ಅದರ ಗೆರೆ ಎಲ್ಲಿಗೆ ಮುಗಿಯುತ್ತದೆ ಎಂಬೆರಡನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಉಳಿದರ್ಧವನ್ನು ಸವಣೂರಿನ ಪೇಟೆಗೆ ಹೊರಡುವ ಮುನ್ನ ಬೆಳಗಿನ ಕತ್ತಲೆಯಲ್ಲಿ ಬಗ್ಗಿ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದ ಒಕ್ಕಲಿಗನಿಂದ ಕಲಿಯಬಹುದು.